ಕೆಂಪು ಬಣ್ಣವಲ್ಲ, ಗೆರೆಗಳ ಪಲ್ಲಟ

ಗೆಲಾಕ್ಸಿ ಕೆಂಪಾಗಿ ಕಾಣುವುದಕ್ಕೆ ಅದರಲ್ಲಿರುವ ಕೆಂಪು ನಕ್ಷತ್ರಗಳೂ ಕಾರಣವಾಗಿರಬಹುದಲ್ಲವೇ, ಹಾಗಿರುವಾಗ ಅದು ದೂರ ಸರಿಯುತ್ತಿದೆ ಎಂದು ಹೇಗೆ ಹೇಳುತ್ತಾರೆ ಎಂದು ಕೇಳಿದ್ದೀರಿ. ನಿಮ್ಮ ಸಂದೇಹ ನ್ಯಾಯವಾದದ್ದೇ. ಬರೀ ಬಣ್ಣ ನೋಡಿ ಯಾರೂ ಹಾಗೆ ತೀರ್ಮಾನಿಸುವುದಿಲ್ಲ. ದೂರದರ್ಶಕ ಸಂಗ್ರಹಿಸಿದ ಬೆಳಕನ್ನು ರೋಹಿತದರ್ಶಕದಲ್ಲಿ ಬಣ್ಣಗಳ ಪಟ್ಟಿಯಾಗಿ, ಅಂದರೆ ರೋಹಿತವಾಗಿ, ಹರಡಿದಾಗ ಅದರಲ್ಲಿ ಆಯಾ ಮೂಲವಸ್ತುವಿನ ಗೆರೆಗಳು ಕಾಣಿಸುತ್ತವೆ. ಪ್ರಯೋಗಾಲಯದಲ್ಲಿ 656.3 ನ್ಯಾನೋಮೀಟರ್‌ನಲ್ಲಿರುವ ಹೈಡ್ರೋಜನ್ನಿನ ಗೆರೆ ಗೆಲಾಕ್ಸಿಯ ರೋಹಿತದಲ್ಲಿ ಸುಮಾರು 722ರಲ್ಲಿ ಸಿಕ್ಕಿ, ಉಳಿದ ಗೆರೆಗಳೂ ಅದೇ ಅನುಪಾತದಲ್ಲಿ ಸರಿದಿದ್ದರೆ, ತರಂಗಾಂತರ (ಬೆಳಕಿನ ಅಲೆಯ ಉದ್ದ) ಶೇಕಡಾ 10ರಷ್ಟು ಹಿಗ್ಗಿದೆ ಎಂದರ್ಥ. ಗೆಲಾಕ್ಸಿ ದೂರ ಸರಿಯುತ್ತಿದೆ ಎನ್ನುವುದಕ್ಕೆ ಈ ಹಿಗ್ಗುವಿಕೆಯೇ ಗುರುತು. ನಕ್ಷತ್ರಗಳು ಎಷ್ಟೇ ಕೆಂಪಾಗಿದ್ದರೂ ಗೆರೆಗಳನ್ನು ಹೀಗೆ ಒಟ್ಟಾಗಿ ಸರಿಸಲಾರವು. ಅಂದಹಾಗೆ, 1912ರಲ್ಲಿ ಖಗೋಳವಿಜ್ಞಾನಿ ವೆಸ್ಟೋ ಸ್ಲೈಫರ್ ಅಳೆದ ಆಂಡ್ರೊಮಿಡಾ ಗೆಲಾಕ್ಸಿಯ ಗೆರೆಗಳು ನೀಲಿಯ ಕಡೆಗೆ ಸರಿದಿದ್ದವು. ಅದು ನಮ್ಮತ್ತಲೇ ಬರುತ್ತಿದೆ. ಅತಿ ದೂರದ ಗೆಲಾಕ್ಸಿಗಳ ಬೆಳಕಾದರೋ ಕೆಂಪಿನಾಚೆಗಿನ, ಕಣ್ಣಿಗೆ ಕಾಣದ ಅವಕೆಂಪಿನವರೆಗೂ ಹಿಗ್ಗಿರುತ್ತದೆ. ಜೇಮ್ಸ್ ವೆಬ್ ದೂರದರ್ಶಕವನ್ನು ಅವಕೆಂಪು ಬೆಳಕಿಗಾಗಿ ರೂಪಿಸಿದ್ದಕ್ಕೆ ಇದೊಂದು ಮುಖ್ಯ ಕಾರಣ.