ಹೋಂಸ್ಟೇ ಬುಕಿಂಗ್ ರದ್ದು ಮಾಡುವ ಟೂಲ್‌ಗೆ ಎಐ ಏಜೆಂಟ್ ಎಡವದಂತೆ ಡಾಕ್ಯುಮೆಂಟೇಶನ್ ಬರೆಯುವುದು ಹೇಗೆ?

ಮೂಡಿಗೆರೆ, ಸಕಲೇಶಪುರ ಕಡೆಯ ಹೋಂಸ್ಟೇಗಳಿಗೆ ನೀವು ಮಾಡಿಕೊಟ್ಟ ವಾಟ್ಸಾಪ್ ಏಜೆಂಟ್, ದಿನಾಂಕ ಬದಲಿಸಿ ಅಂದವರ ಬುಕಿಂಗನ್ನೂ ರದ್ದು ಮಾಡಿಬಿಡುತ್ತಿದೆ. ಕೋಡ್ ಸರಿಯಿದೆ, ಟೂಲ್‌ನ (ಏಜೆಂಟ್ ಕರೆದು ಕೆಲಸ ಮಾಡಿಸುವ ಫಂಕ್ಷನ್‌ನ) ವಿವರಣೆಯಲ್ಲಿ ಮಾತ್ರ ‘ಬುಕಿಂಗ್ ರದ್ದು ಮಾಡುತ್ತದೆ’ ಅಂತ ಒಂದೇ ಸಾಲಿದೆ ಅಂದಿದ್ದೀರಿ. ತೊಂದರೆ ಶುರುವಾಗುವುದು ಆ ಸಾಲಿನಿಂದಲೇ.

ಏಜೆಂಟ್‌ನ ಹಿಂದಿರುವ ಎಐ ಮಾಡೆಲ್‌ಗೆ ನಿಮ್ಮ ಕೋಡ್ ಕಾಣುವುದಿಲ್ಲ. ಟೂಲ್‌ನ ಹೆಸರು, ವಿವರಣೆ, ಇನ್‌ಪುಟ್‌ನ ಜೆಸಾನ್ ಸ್ಕೀಮಾ (ಯಾವ ಮಾಹಿತಿ, ಯಾವ ರೂಪದಲ್ಲಿ ಕೊಡಬೇಕು ಅನ್ನುವ ಪಟ್ಟಿ), ಇಷ್ಟನ್ನೇ ನೋಡಿ ಅದು ತೀರ್ಮಾನ ಮಾಡಬೇಕು. ರದ್ದು ಮಾಡುವ ಟೂಲ್‌ಗೆ, ಯಾವಾಗ ಕರೆಯಬಾರದು ಅನ್ನುವುದನ್ನು ಬರೆಯುವುದೇ ಹೆಚ್ಚು ಮುಖ್ಯ. ಮಳೆಗಾಲದಲ್ಲಿ ಬರುವ ಮೆಸೇಜ್‌ಗಳನ್ನೇ ನೋಡಿ: ‘ಚಾರ್ಮಾಡಿ ಬಂದ್ ಆದ್ರೆ ಬರೋಕಾಗಲ್ಲ’, ‘ಈ ವಾರ ಬೇಡ, ಮುಂದಿನ ವಾರಕ್ಕೆ ಹಾಕಿ’, ‘ಕ್ಯಾನ್ಸಲ್ ಮಾಡಿದ್ರೆ ಎಷ್ಟು ವಾಪಸ್ ಬರುತ್ತೆ?’, ‘ಮೂರು ರೂಮಲ್ಲಿ ಒಂದು ಬೇಡ’. ಇದರಲ್ಲಿ ಒಂದೂ ಪೂರ್ತಿ ಬುಕಿಂಗ್ ರದ್ದು ಮಾಡಿ ಅನ್ನುವ ಮಾತಲ್ಲ. ಆದರೆ ಏಜೆಂಟ್ ಕೈಯಲ್ಲಿ ಒಂದೇ ಟೂಲ್ ಇದ್ದರೆ ನಾಲ್ಕಕ್ಕೂ ಅದನ್ನೇ ಎತ್ತಿಕೊಳ್ಳುತ್ತದೆ. ಹಾಗಾಗಿ ಬುಕಿಂಗ್ ಬದಲಿಸುವ ಟೂಲ್ ಬೇರೆ ಇರಲೇಬೇಕು, ಇದರ ವಿವರಣೆಯಲ್ಲಿ ಅದರ ಹೆಸರೂ ಬರಬೇಕು.

ವಿವರಣೆ ಇಂಗ್ಲಿಷಿನಲ್ಲಿದ್ದರೂ ನಡೆಯುತ್ತದೆ, ಆದರೆ ಮೇಲಿನಂಥ ಮಾತುಗಳನ್ನು ಅತಿಥಿಗಳು ಟೈಪ್ ಮಾಡುವ ಹಾಗೆಯೇ ಉದಾಹರಣೆಯಾಗಿ ಸೇರಿಸಿ. ತಿರುಳು ಹೀಗಿರಲಿ (ಇದರಲ್ಲಿ ಬರುವ ಕ್ಯಾನ್ಸಲ್_ಕೋಟ್ ಅಂದರೆ ರದ್ದು ಮಾಡದೆ, ಎಷ್ಟು ವಾಪಸ್ ಬರುತ್ತದೆ ಅಂತ ಮಾತ್ರ ಹೇಳುವ ಟೂಲ್; ಮಾಡಿಫೈ_ಬುಕಿಂಗ್ ಅಂದರೆ ಬುಕಿಂಗ್ ಬದಲಿಸುವ ಟೂಲ್):

‘ದೃಢಪಟ್ಟ ಬುಕಿಂಗನ್ನು ಪೂರ್ತಿ ರದ್ದು ಮಾಡಿ ರೀಫಂಡ್ ಶುರು ಮಾಡುತ್ತದೆ. ಮಾಡಿದ ಮೇಲೆ ವಾಪಸ್ ತೆಗೆದುಕೊಳ್ಳಲು ಆಗದು. ರೂಮ್ ಕೂಡಲೇ ಬೇರೆಯವರಿಗೆ ಸಿಗುತ್ತದೆ. ಮೊದಲು ಕ್ಯಾನ್ಸಲ್_ಕೋಟ್ ಕರೆದು, ಅದು ಕೊಟ್ಟ ಮೊತ್ತವನ್ನು ಅತಿಥಿಗೆ ತಿಳಿಸಿ, ಅವರು ಒಪ್ಪಿದ ಮೇಲಷ್ಟೇ ಇದನ್ನು ಕರೆಯಿರಿ. ದಿನಾಂಕ ಬದಲಿಸಲು, ರೂಮ್ ಅಥವಾ ರಾತ್ರಿ ಕಡಿಮೆ ಮಾಡಲು ಮಾಡಿಫೈ_ಬುಕಿಂಗ್ ಬಳಸಿ. ಟ್ರಾವೆಲ್ ಸೈಟ್ ಮೂಲಕ ಬಂದ ಬುಕಿಂಗ್‌ಗೆ ಇದು ನಡೆಯದು. ಅತಿಥಿ ಆ ಸೈಟ್‌ನಲ್ಲೇ ರದ್ದು ಮಾಡಬೇಕು.’

ಇಷ್ಟು ಬರೆದರೂ ದುಡ್ಡಿನ ವಿಷಯವನ್ನು ಬರೀ ವಿವರಣೆಯ ಮೇಲೆ ಬಿಡಬೇಡಿ. ಬರೆದದ್ದನ್ನು ಮಾಡೆಲ್ ಬಹುತೇಕ ಪಾಲಿಸುತ್ತದೆ, ಆದರೆ ಯಾವಾಗಲೂ ಅಲ್ಲ. ಕ್ಯಾನ್ಸಲ್_ಕೋಟ್ ಒಂದು ಟೋಕನ್, ಅಂದರೆ ಅನುಮತಿಯ ಗುರುತಿನ ಕೋಡ್, ಕೊಡಲಿ. ಆ ಬುಕಿಂಗ್‌ಗೆ, ಆ ಮೊತ್ತಕ್ಕೆ ಮಾತ್ರ ಸಲ್ಲುವಂಥದ್ದು, 15 ನಿಮಿಷಕ್ಕೆ ಸತ್ತುಹೋಗುವಂಥದ್ದು. ಟೋಕನ್ ಇಲ್ಲದೆ ರದ್ದಿನ ಕರೆ ಬಂದರೆ ಸರ್ವರ್ ತಿರಸ್ಕರಿಸಲಿ. ಇದರಲ್ಲೂ ಒಂದು ಕಿಂಡಿ ಉಳಿಯುತ್ತದೆ: ಅತಿಥಿಯನ್ನು ಕೇಳದೆಯೇ ಏಜೆಂಟ್ ಕೋಟ್, ಕ್ಯಾನ್ಸಲ್ ಎರಡನ್ನೂ ಒಂದರ ಹಿಂದೆ ಒಂದು ಕರೆದುಬಿಡಬಹುದು. ಕೋಟ್ ತೋರಿಸಿ ‘ಹೌದು, ರದ್ದು ಮಾಡಿ’ ಅನ್ನುವ ವಾಟ್ಸಾಪ್ ಬಟನ್ ಕಳಿಸಿ, ಅದನ್ನು ಒತ್ತಿದಾಗಲೇ ಟೋಕನ್ ಚಾಲ್ತಿಗೆ ಬರುವ ಹಾಗೆ ಮಾಡಿದರೆ ಆ ಕಿಂಡಿಯೂ ಮುಚ್ಚುತ್ತದೆ.

ಪ್ಯಾರಾಮೀಟರ್‌ಗಳು ಕಡಿಮೆ ಇದ್ದಷ್ಟೂ ಒಳ್ಳೆಯದು. ಬುಕಿಂಗ್ ಐಡಿ, ಟೋಕನ್, ಕಾರಣ, ಸಾಕು. ಫೋನ್ ನಂಬರನ್ನು ಮಾಡೆಲ್ ಕೈಗೆ ಕೊಡಲೇಬೇಡಿ. ಚಾಟ್ ಯಾವ ನಂಬರಿನಿಂದ ಬಂದಿದೆಯೋ ಅದನ್ನು ಸರ್ವರ್ರೇ ತೆಗೆದುಕೊಂಡು ಬುಕಿಂಗ್ ಜೊತೆ ತಾಳೆ ನೋಡಲಿ. ಇಲ್ಲವಾದರೆ ‘ನಮ್ಮ ಭಾವನ ಹೆಸರಲ್ಲಿದೆ, ತೆಗೀರಿ’ ಅಂದ ಯಾರ ಮಾತಿಗೂ ಏಜೆಂಟ್ ತಲೆಯಾಡಿಸುತ್ತದೆ. ಐಡಿಯ ವಿವರಣೆಯಲ್ಲಿ ‘ಬುಕಿಂಗ್ ಹುಡುಕುವ ಟೂಲ್‌ನ ಫಲಿತಾಂಶದಿಂದಲೇ ತೆಗೆದುಕೊಳ್ಳಿ, ಊಹಿಸಬೇಡಿ’ ಅಂತ ಇರಲಿ. ಅಲ್ಲಿ ನಿಜವಾದಂತೆ ಕಾಣುವ ಮಾದರಿ ಐಡಿ ಹಾಕಬೇಡಿ. ಬೇರೇನೂ ಸಿಗದಾಗ ಮಾಡೆಲ್ ಆ ಮಾದರಿಯನ್ನೇ ತುಂಬಿ ಕಳಿಸುವುದುಂಟು. ಕಾರಣವನ್ನು ಈನಮ್ (ಮೊದಲೇ ಗೊತ್ತುಮಾಡಿದ ಆಯ್ಕೆಗಳ ಪಟ್ಟಿ) ಮಾಡಿ: ಹವಾಮಾನ, ರಸ್ತೆ ಬಂದ್, ಆರೋಗ್ಯ, ಯೋಜನೆ ಬದಲು, ಇತರೆ. ದತ್ತ ಜಯಂತಿ ಹೊತ್ತಿನಲ್ಲಿ ಬಾಬಾಬುಡನ್‌ಗಿರಿಗೆ ಪ್ರವಾಸಿಗರನ್ನು ಬಿಡದಿದ್ದರೆ ಅದಕ್ಕೆ ‘ಪ್ರವೇಶ ನಿರ್ಬಂಧ’ ಅಂತ ಬೇರೆಯೇ ಇಡಿ, ಅಂಥ ದಿನಗಳಿಗೆ ಮಾಲೀಕರ ನಿಯಮ ಬೇರೆ ಇರಬಹುದು.

ಟೂಲ್ ವಾಪಸ್ ಕೊಡುವ ಉತ್ತರದಲ್ಲಿ ಎಡವುವುದು ಮುಖ್ಯವಾಗಿ ಎರಡು ಕಡೆ: ಮೊತ್ತ ಮತ್ತು ಸಮಯ. ಪೇಮೆಂಟ್ ಗೇಟ್‌ವೇಗಳು ಮೊತ್ತವನ್ನು ಪೈಸೆಯಲ್ಲಿ ಕೊಡುವುದುಂಟು. 9,600 ರೂಪಾಯಿಯಲ್ಲಿ ಅರ್ಧ ವಾಪಸ್ ಅಂದರೆ 480000 ಅಂತ ಬರುತ್ತದೆ, ಏಜೆಂಟ್ ಅದನ್ನೇ ‘4,80,000 ರೂಪಾಯಿ ಬರುತ್ತದೆ’ ಅಂತ ಅತಿಥಿಗೆ ಹೇಳಿಬಿಡುತ್ತದೆ. ಫೀಲ್ಡ್‌ನ ಹೆಸರಿನಲ್ಲೇ ರೂಪಾಯಿಯೋ ಪೈಸೆಯೋ ಅನ್ನುವುದು ಇರಲಿ. ಅತಿಥಿಗೆ ಹೇಳಬೇಕಾದ ವಾಕ್ಯವನ್ನು ಸರ್ವರ್ರೇ ತಯಾರಿಸಿ ಕೊಟ್ಟರೆ ಇನ್ನೂ ವಾಸಿ. ಸಮಯದ್ದು ಹೀಗೆ: ಶನಿವಾರ ಮಧ್ಯಾಹ್ನ 12ಕ್ಕೆ ಚೆಕ್‌ಇನ್, 72 ಗಂಟೆ ಮೊದಲು ಹೇಳಿದರೆ ರೀಫಂಡ್ ಅಂದರೆ ಗಡುವು ಬುಧವಾರ ಮಧ್ಯಾಹ್ನ 12. ಸರ್ವರ್ ಆ 12ನ್ನು ಯುಟಿಸಿ (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಅಂತ ಓದಿಕೊಂಡರೆ ಗಡುವು ನಮ್ಮ ಸಂಜೆ 5:30ಕ್ಕೆ ಜಾರುತ್ತದೆ. ಬುಧವಾರ 3 ಗಂಟೆಗೆ ಮೆಸೇಜ್ ಮಾಡಿದವರಿಗೆ ಸಿಗಬಾರದ ರೀಫಂಡ್ ಸಿಕ್ಕು, ಮಾಲೀಕರು ನಿಮಗೆ ಫೋನ್ ಹಚ್ಚುತ್ತಾರೆ. ಸಮಯ ಎಲ್ಲೆಲ್ಲಿ ಬರುತ್ತದೋ ಅಲ್ಲೆಲ್ಲ +05:30 ಸೇರಿಸಿಯೇ ಬರೆಯಿರಿ. ‘05/12’ ಅನ್ನುವ ರೂಪ ಬೇಡವೇ ಬೇಡ, ಅದು ಡಿಸೆಂಬರ್ 5ಓ ಮೇ 12ಓ ಗೊತ್ತಾಗುವುದಿಲ್ಲ.

ಎರರ್‌ಗಳಿಗೆ ಬರೀ ಕೋಡ್ ಕೊಟ್ಟರೆ ಏಜೆಂಟ್ ಸುಮ್ಮನೆ ಮತ್ತೆ ಮತ್ತೆ ಕರೆಯುತ್ತದೆ. ಮುಂದೇನು ಮಾಡಬೇಕು ಅನ್ನುವುದು ಎರರ್‌ನಲ್ಲೇ ಇರಬೇಕು: ‘ಈಗಾಗಲೇ ರದ್ದಾಗಿದೆ. ಮತ್ತೆ ಕರೆಯಬೇಡಿ, ಹಿಂದಿನ ರೀಫಂಡ್ ನಂಬರ್ ತಿಳಿಸಿ.’ ‘ಟೋಕನ್ ಅವಧಿ ಮುಗಿದಿದೆ. ಹೊಸ ಕೋಟ್ ತೆಗೆದು ಮೊತ್ತವನ್ನು ಮತ್ತೆ ತೋರಿಸಿ.’ ಟೈಮ್‌ಔಟ್ ಮಾತ್ರ ಸೂಕ್ಷ್ಮ, ರದ್ದು ಆಯಿತೋ ಇಲ್ಲವೋ ಗೊತ್ತಾಗುವುದಿಲ್ಲ. ಮೊದಲು ಸ್ಟೇಟಸ್ ನೋಡಿ ಆಮೇಲೆ ಮರುಪ್ರಯತ್ನ ಅಂತ ಬರೆಯಿರಿ. ಎರಡು ಸಲ ರೀಫಂಡ್ ಹೋಗದಂತೆ ತಡೆಯುವ ಐಡೆಂಪೊಟೆನ್ಸಿ ಕೀಯನ್ನು ಟೋಕನ್‌ನಿಂದಲೇ ಕೋಡ್ ಹುಟ್ಟಿಸಲಿ. ಮಾಡೆಲ್‌ಗೆ ಬಿಟ್ಟರೆ ಪ್ರತಿ ಸಲ ಹೊಸದು ಬರೆದು ಕೀ ಇದ್ದೂ ಇಲ್ಲದ ಹಾಗೆ ಮಾಡುತ್ತದೆ.

ಎಂಸಿಪಿ (ಏಜೆಂಟ್‌ಗೆ ಟೂಲ್‌ಗಳನ್ನು ಜೋಡಿಸುವ ಒಂದು ಪ್ರಮಾಣಿತ ವಿಧಾನ) ಬಳಸುತ್ತಿದ್ದರೆ ರದ್ದು ಮಾಡುವ ಟೂಲ್‌ಗೆ ಡಿಸ್ಟ್ರಕ್ಟಿವ್‌ಹಿಂಟ್ (ಹಾನಿ ಮಾಡಬಲ್ಲದು) ಟ್ರೂ, ಕೋಟ್ ಟೂಲ್‌ಗೆ ರೀಡ್‌ಓನ್ಲಿಹಿಂಟ್ (ಓದುತ್ತದಷ್ಟೇ, ಏನನ್ನೂ ಬದಲಿಸದು) ಟ್ರೂ ಇಡಿ. ಹೆಸರೇ ಹೇಳುವಂತೆ ಅವು ಸೂಚನೆಗಳಷ್ಟೇ, ಕ್ಲೈಂಟ್ ನೋಡದೆಯೂ ಇರಬಹುದು.

ರೀಫಂಡ್ ಶೇಕಡಾವಾರನ್ನು ವಿವರಣೆಯೊಳಗೆ ಬರೆಯಬೇಡಿ. ಡಿಸೆಂಬರ್ ರಜೆಗೆ ಒಂದು ನಿಯಮ, ಜುಲೈ ಮಳೆಗೆ ಇನ್ನೊಂದು ಅಂತ ಮಾಲೀಕರು ಬದಲಿಸುತ್ತಲೇ ಇರುತ್ತಾರೆ. ಹಳೇ ಶೇಕಡಾವಾರು ವಿವರಣೆಯಲ್ಲಿ ಉಳಿದರೆ ಏಜೆಂಟ್ ಕೋಟ್ ತೆಗೆಯದೆ ಅದನ್ನೇ ಹೇಳಿ ಮುಗಿಸುತ್ತದೆ. ವಿವರಣೆಯಲ್ಲಿ ಒಂದಕ್ಷರ ತಿದ್ದಿದರೂ ಮೇಲಿನ ನಾಲ್ಕು ಮಳೆಗಾಲದ ಮೆಸೇಜ್‌ಗಳನ್ನು, ಜೊತೆಗೆ ಒಂದೇ ನಂಬರಿನಲ್ಲಿ ಎರಡು ಬುಕಿಂಗ್ ಇರುವವರ ‘ಕ್ಯಾನ್ಸಲ್ ಮಾಡಿ’ ಅನ್ನುವ ಮೆಸೇಜನ್ನು ಮತ್ತೆ ಓಡಿಸಿ ನೋಡಿ. ಈ ಕೊನೆಯದಕ್ಕೆ ಏಜೆಂಟ್ ‘ಯಾವ ಬುಕಿಂಗ್?’ ಅಂತ ಕೇಳಬೇಕು. ಕೇಳದೆ ಮುಂದೆ ಹೋದರೆ ಲೈವ್ ಮಾಡಬೇಡಿ.