ಕಲಬುರಗಿ ಬಿಸಿಲಿಗೆ ತಾರಸಿ ಮೇಲೆ ಯಾವ ಹೂವು?

ತಾರಸಿಗೆ ಪಡುವಣ ಬಿಸಿಲು, ಕಪ್ಪು ಪ್ಲಾಸ್ಟಿಕ್ ಕುಂಡ, ಎರಡು ಹೊತ್ತು ನೀರು ಹಾಕಿದರೂ ಸೇವಂತಿಗೆ, ಪೆಟೂನಿಯಾ ಎರಡೂ ಒಣಗಿದವು, ಏಪ್ರಿಲ್-ಮೇನಲ್ಲಿ ಯಾವುದು ಉಳಿಯುತ್ತದೆ ಅಂತ ಕೇಳಿದ್ದೀರಿ. ಅವೆರಡೂ ಚಳಿಗಾಲಕ್ಕೆ ಸರಿ, ಈಗ ಬಿಟ್ಟುಬಿಡಿ.

ಟೇಬಲ್ ರೋಸ್ ಹಾಕಿ. ಬೆರಳುದ್ದದ ಕಡ್ಡಿ ಮುರಿದು ಮಣ್ಣಿಗೆ ಚುಚ್ಚಿದರೆ ಸಾಕು, ಬೇರು ಬಿಡುತ್ತದೆ. ಬಿಸಿಲೇರಿದ ಮೇಲೆ ಅರಳಿ ಸಂಜೆಯೊಳಗೆ ಮುದುಡುತ್ತದೆ, ಅದರ ಗುಣವೇ ಹಾಗೆ. ಕಾಗದದ ಹೂವು, ಅಂದರೆ ಬೋಗನ್‌ವಿಲ್ಲಾ, ಇನ್ನೂ ಗಟ್ಟಿ ಜೀವ. ನೀರು ಜಾಸ್ತಿಯಾದರೆ ಬರೀ ಎಲೆ ಬಿಡುತ್ತದೆ, ಸ್ವಲ್ಪ ಒಣಗಲು ಬಿಟ್ಟರೆ ಗಿಡದ ತುಂಬ ಬಣ್ಣ. ನಿತ್ಯಪುಷ್ಪವೂ ತಡೆಯುತ್ತದೆ, ಆದರೆ ನೀರು ನಿಂತರೆ ಬುಡ ಕೊಳೆಯುತ್ತದೆ. ದುಂಡು ಮಲ್ಲಿಗೆಗಂತೂ ಬೇಸಿಗೆಯೇ ಸುಗ್ಗಿ. ಡಿಸೆಂಬರ್-ಜನವರಿಯಲ್ಲಿ ಸವರಿ ಗೊಬ್ಬರ ಕೊಡಬೇಕು ಅಷ್ಟೇ. ಕಣಗಿಲೆ ಚೆನ್ನಾಗಿಯೇ ಬರುತ್ತದೆ, ಆದರೆ ಗಿಡವೆಲ್ಲ ವಿಷ, ಚಿಕ್ಕ ಮಕ್ಕಳಿದ್ದರೆ ಬೇಡ.

ನನಗನ್ನಿಸುವಂತೆ ತೊಂದರೆ ಇರುವುದು ನಿಮ್ಮ ಕುಂಡದಲ್ಲೇ. ಕಪ್ಪು ಪ್ಲಾಸ್ಟಿಕ್ ಕಾದರೆ ಒಳಗೆ ಬೇರು ಬೇಯುತ್ತದೆ ಅಲ್ವಾ! ಮಣ್ಣಿನ ಕುಂಡ ತನ್ನಿ, ಕೆಳಗೆ ಎರಡು ಇಟ್ಟಿಗೆ ಕೊಡಿ, ಮಣ್ಣಿನ ಮೇಲೆ ತೆಂಗಿನ ನಾರು ಹರಡಿ. ನೀರು ಬೆಳಗ್ಗೆ ಬೇಗ ಹಾಕಿ. ಮಧ್ಯಾಹ್ನ ಎಲೆ ಜೋತುಬಿತ್ತು ಅಂತ ಸುಮ್ನೆ ಸುರಿಯಬೇಡಿ. ಸಂಜೆಗೂ ಏಳದಿದ್ದರೆ ಮಣ್ಣಿಗೆ ಬೆರಳು ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ಹಾಕಿ.