ಚಳಿಯಲ್ಲಿ ಶ್ರುತಿ ಕೂಡುವುದಿಲ್ಲ ಅಂದ ಅಥಣಿ ಅಕ್ಕೋರಿಗೆ

ಅಕ್ಕೋರೆ, ನಮಸ್ಕಾರ. ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಜನವರಿ 26, ಬೆಳಗ್ಗೆ ಎಂಟಕ್ಕೆ ಬಯಲಿನಲ್ಲಿ ಧ್ವಜಾರೋಹಣ. ಇಪ್ಪತ್ತು ಮಕ್ಕಳು, ಹಾರ್ಮೋನಿಯಂ, ತಬಲಾ, ವಾಯಲಿನ್, ಜತೆಗೆ ಹಿಂದೆ ಬ್ಯಾಂಡಿನಲ್ಲಿದ್ದ ನಿಮ್ಮ ಕಾಕಾ ಅವರ ಕ್ಲಾರಿನೆಟ್. ಹೋದ ವರ್ಷ ಕ್ಲಾರಿನೆಟ್ ಇಳಿಯಿತು, ವಾಯಲಿನ್ ಏರಿತು, ತಬಲಾ ಮಂಕಾಯಿತು ಅಂತೀರಿ. ಅದಕ್ಕೇ ಹೆಡ್ಮಾಸ್ತರು ಈ ಸಲ ‘ಒಬಾಮಾ ಪ್ರಮಾಣವಚನಕ್ಕೇ ರೆಕಾರ್ಡ್ ಹಾಕಿದ್ದರಂತೆ, ನಾವೂ ಪೆನ್‌ಡ್ರೈವ್ ಹಾಕೋಣ’ ಅಂತಿದ್ದಾರೆ.

ಅವರ ಮಾತು ಸುಳ್ಳಲ್ಲ, ಆದರೆ ಅರ್ಧ. 2009ರ ಜನವರಿ 20ರಂದು ವಾಷಿಂಗ್ಟನ್ನಿನಲ್ಲಿ ಚೆಲ್ಲೋ ನುಡಿಸುವ ಯೋ ಯೋ ಮಾ, ವಾಯಲಿನ್‌ನ ಇಟ್ಜಾಕ್ ಪರ್ಲ್‌ಮನ್ ಅಂಥ ದೊಡ್ಡವರು ನಾಲ್ಕು ಜನ ನುಡಿಸಿದರು. ಜನ ಕೇಳಿದ್ದು ಎರಡು ದಿನ ಮುಂಚೆ ಮಾಡಿಟ್ಟ ರೆಕಾರ್ಡ್. ಆದರೆ ಅಲ್ಲಿ ಆಗ ಸುಮಾರು ಮೈನಸ್ 2 ಡಿಗ್ರಿ ಇತ್ತು. ಆ ಚಳಿಗೆ ತಂತಿ ಹರಿಯಬಹುದು, ಪಿಯಾನೊ ಶ್ರುತಿ ನಿಲ್ಲೋದಿಲ್ಲ. ಅದೇ ವೇದಿಕೆಯಲ್ಲಿ ಗಾಯಕಿ ಅರೀಥಾ ಫ್ರಾಂಕ್ಲಿನ್ ನೇರವಾಗಿಯೇ ಹಾಡಿದರು. ಚಳಿಗೆ ದನಿ ತಾನಂದುಕೊಂಡ ಹಾಗೆ ಬರಲಿಲ್ಲ ಅಂತ ಆಮೇಲೆ ಬೇಜಾರು ಮಾಡಿಕೊಂಡರು. ಅದಕ್ಕೂ ಹಿಂದೆ, 1873ರಲ್ಲಿ ಅಮೆರಿಕದಲ್ಲೇ ಗ್ರಾಂಟ್ ಎರಡನೇ ಸಲ ಅಧ್ಯಕ್ಷರಾದಾಗ, ಬ್ಯಾಂಡಿನವರ ಉಸಿರಿನ ತೇವ ವಾದ್ಯದ ವಾಲ್ವಿನಲ್ಲೇ ಹೆಪ್ಪುಗಟ್ಟಿತ್ತು. 1985ರಲ್ಲಿ ರೇಗನ್ ಸಮಾರಂಭದ ಹೊತ್ತಿಗೆ ಮೈನಸ್ 14. ಪ್ರಮಾಣವಚನ ಒಳಗೆ ಮಾಡಿದರು, ಮೆರವಣಿಗೆಯನ್ನೇ ಬಿಟ್ಟರು. ನಮ್ಮ ಕಡೆ ಬೆಳಗಿನ ಚಳಿ ಅಂದರೆ ಹತ್ತು, ಹನ್ನೆರಡು ಡಿಗ್ರಿ. ಇದಕ್ಕೆ ಪೆನ್‌ಡ್ರೈವ್ ಬೇಡ, ಒಂದು ಕಂಬಳಿ ಸಾಕು.

ಯಾಕೆ ಅಂದರೆ, ನಾಡಗೀತೆ ಎರಡೂವರೆ ನಿಮಿಷ, ರಾಷ್ಟ್ರಗೀತೆ 52 ಸೆಕೆಂಡು. ಎರಡೂ ಸೇರಿ ಮೂರೂವರೆ ನಿಮಿಷ ಇಲ್ಲ. ನೀವು ಸೋಲುವುದು ನುಡಿಸುವಾಗ ಅಲ್ಲ, ಕಾಯುವಾಗ. ಆರೂವರೆಗೇ ಮೈದಾನಕ್ಕೆ ಹೋಗಿ, ವಾದ್ಯ ತೆಗೆದು ಟೇಬಲ್ ಮೇಲೆ ಸಾಲಾಗಿ ಇಟ್ಟು, ಅತಿಥಿಗಳ ದಾರಿ ನೋಡುತ್ತೀರಿ. ಅತಿಥಿಗಳು ಹೇಳಿದ ಹೊತ್ತಿಗೆ ಎಂದು ಬಂದಿದ್ದಾರೆ? ಅಷ್ಟರಲ್ಲಿ ಎಲ್ಲ ವಾದ್ಯ ತಣ್ಣಗೆ ಕಲ್ಲು.

ಗಾಳಿ ತಣ್ಣಗಾದರೆ ಅದರಲ್ಲಿ ಸದ್ದು ನಿಧಾನ ಓಡುತ್ತದೆ. ಒಂದು ಡಿಗ್ರಿಗೆ ಸೆಕೆಂಡಿಗೆ ಸುಮಾರು 0.6 ಮೀಟರ್ ಕಡಿಮೆ. ಅದಕ್ಕೇ ಊದುವ ವಾದ್ಯ ಇಳಿಯುತ್ತದೆ. ಕೋಣೆಯಲ್ಲಿ 20 ಡಿಗ್ರಿಗೆ 440 ಹರ್ಟ್ಸ್ (ಸೆಕೆಂಡಿಗೆ 440 ಕಂಪನ) ಕೊಡುವ ನಳಿಗೆ 10 ಡಿಗ್ರಿಗೆ ಲೆಕ್ಕದ ಪ್ರಕಾರ 432ರ ಹತ್ತಿರ ಬರುತ್ತದೆ. ಉಸಿರಿನ ಬಿಸಿ ಇರುವುದರಿಂದ ಅಷ್ಟು ಪೂರ್ತಿ ಇಳಿಯೋದಿಲ್ಲ, ಆದರೆ ಕಿವಿಗೆ ಚುಚ್ಚುವಷ್ಟು ಇಳಿಯುತ್ತದೆ. ತಂತಿಯದು ಉಲ್ಟಾ. ಲೋಹ ಚಳಿಗೆ ಕುಗ್ಗಿ ಬಿಗಿಯಾಗುತ್ತದೆ, ಸ್ವರ ಏರುತ್ತದೆ. ಹಾರ್ಮೋನಿಯಂ ರೀಡು (ಒಳಗೆ ಕಂಪಿಸುವ ಲೋಹದ ನಾಲಿಗೆ) ಮಾತ್ರ ಹೆಚ್ಚು ಕಡಿಮೆ ಇದ್ದಲ್ಲೇ ಇರುತ್ತದೆ. ಅಂದಮೇಲೆ ಕಾಕಾ ಅವರ ತಪ್ಪೂ ಇಲ್ಲ, ವಾಯಲಿನ್ ಹುಡುಗಿಯ ತಪ್ಪೂ ಇಲ್ಲ. ಎಲ್ಲರೂ ಹಾರ್ಮೋನಿಯಂಗೆ ಬಂದು ಕೂಡಬೇಕು, ಅದೂ ಅಲ್ಲೇ, ಆ ಚಳಿಯಲ್ಲೇ. ಶಾಲೆಯ ಕೋಣೆಯಲ್ಲಿ ಕೂಡಿಸಿಕೊಂಡು ಹೋಗಿ ಉಪಯೋಗ ಇಲ್ಲ.

ಕ್ಲಾರಿನೆಟ್ ಬಗ್ಗೆ ಸ್ವಲ್ಪ ಜಾಸ್ತಿ ಬರೀತೀನಿ, ಕೈ ಸುಟ್ಟುಕೊಂಡವ ನಾನು. ಕೆಲವು ವರ್ಷದ ಹಿಂದೆ ಡಿಸೆಂಬರ್‌ನಲ್ಲಿ, ಜಮಖಂಡಿ ಹತ್ತಿರದ ಒಂದು ಜಾತ್ರೆಗೆ ಹೋಗಿದ್ದೆವು. ವಾದ್ಯದ ಪೆಟ್ಟಿಗೆ ರಾತ್ರಿಯೆಲ್ಲ ಟೆಂಪೋದಲ್ಲೇ ಉಳಿಯಿತು. ಬೆಳಗಿನ ಐದಕ್ಕೆ ತೆಗೆದವನೇ ಜೋರಾಗಿ ಊದಿದೆ. ಹತ್ತು ನಿಮಿಷಕ್ಕೆ ಸುಮ್ನೆ ಒಂದು ‘ಟಕ್’ ಸದ್ದು. ನೋಡಿದರೆ ಮೇಲಿನ ತುಂಡಿನಲ್ಲಿ ಕೂದಲೆಳೆಯಷ್ಟು ಬಿರುಕು, ತೂತಿನಿಂದ ತೂತಿಗೆ. ಒಳಗೆ ಬಿಸಿ ಉಸಿರಿಗೆ ಕಟ್ಟಿಗೆ ಹಿಗ್ಗುತ್ತದೆ, ಹೊರಗೆ ತಣ್ಣಗೇ ಇರುತ್ತದೆ, ಸೀಳುತ್ತದೆ. ಕಟ್ಟಿಗೆ ಪುಡಿ, ಫೆವಿಕ್ವಿಕ್ ಹಾಕಿಸಿ ಇನ್ನೂ ನುಡಿಸುತ್ತಿದ್ದೇನೆ, ಆದರೆ ಮೊದಲಿನ ದನಿ ಇಲ್ಲ.

ಹಾಗಾಗಿ ಕಾಕಾ ಅವರಿಗೆ ಹೇಳಿ: ಮೇಲಿನ ತುಂಡು ಬಿಚ್ಚಿ ಕೋಟಿನ ಒಳಗೆ, ಕಂಕುಳಲ್ಲಿ ಇಟ್ಟುಕೊಂಡು ಕೂಡಲಿ. ಮೊದಲು ಹೊರಗಿನಿಂದ ಬಿಸಿ, ಆಮೇಲೆ ಉಸಿರು. ಅತಿಥಿಗಳ ಗಾಡಿ ಗೇಟಿಗೆ ಬಂತು ಅಂದಾಗ ಜೋಡಿಸಿ, ಸದ್ದಿಲ್ಲದೆ ಮೆಲ್ಲಗೆ ಊದಲಿ. ಬ್ಯಾರಲ್ (ಊದುವ ಬಾಯಿಯ ಕೆಳಗಿನ ಸಣ್ಣ ತುಂಡು) ಪೂರ್ತಿ ಒಳಗೆ ತಳ್ಳಿದರೂ ಸ್ವರ ಕೆಳಗೇ ಉಳಿದರೆ ಗಿಡ್ಡ ಬ್ಯಾರಲ್ ಬೇಕಾಗುತ್ತದೆ. ಇದನ್ನು 26ಕ್ಕೆ ನೋಡಬೇಡಿ. ಒಂದು ವಾರ ಮುಂಚೆ, ಬೆಳಗಿನ ಏಳಕ್ಕೆ, ಅದೇ ಬಯಲಲ್ಲಿ ನೋಡಿ.

ವಾಯಲಿನ್‌ಗೆ ಕೆಳಗಿನ ಸಣ್ಣ ತಿರುಪು ನಾಲ್ಕೂ ತಂತಿಗೆ ಇರಲಿ. ಒಣ ಚಳಿಗೆ ಮೇಲಿನ ಕಟ್ಟಿಗೆಯ ಬಿರಡೆ ಜಾರುತ್ತದೆ, ಅದನ್ನು ತಿರುಗಿಸುತ್ತಾ ಕೂತರೆ ತಂತಿಯೂ ಹೋಗುತ್ತದೆ.

ತಬಲಾ ಮಂಕಾಗಿದ್ದು ಚಳಿಗಲ್ಲ, ಇಬ್ಬನಿಗೆ. ಚರ್ಮ ತೇವ ಹೀರಿ ಸಡಿಲಾಗುತ್ತದೆ. ಹುಲ್ಲಿನ ಮೇಲೆ ಇಡಬೇಡಿ, ಜಮಖಾನ ಹಾಸಿ, ಮೇಲೆ ಕಂಬಳಿ ಹೊದಿಸಿಡಿ. ಹಲಗಿಯವರು ರವದಿಗೆ (ಕಬ್ಬಿನ ಒಣ ಎಲೆಗೆ) ಬೆಂಕಿ ಹಚ್ಚಿ ಕಾಯಿಸುತ್ತಾರಲ್ಲ, ಅದನ್ನು ನೋಡಿ ತಬಲಾನೂ ಬೆಂಕಿಯ ಹತ್ತಿರ ಹಿಡಿಯಲು ಹೋಗಬೇಡಿ! ಹಲಗಿಯದು ಬರೀ ಚರ್ಮ. ತಬಲಾ ನಡುವಿನ ಕರಿ ಶಾಯಿ ಒಣಗಿ ಚಕ್ಕೆ ಏಳುತ್ತದೆ. ಕಡೇ ಗಳಿಗೆಗೆ ಸುತ್ತಿಗೆಯಿಂದ ಎರಡು ಏಟು ಸಾಕು.

ಮಕ್ಕಳದು ಸುಲಭ. ಅಂಗಿಯ ಒಳಗೆ ಸ್ವೆಟರ್, ಕುಡಿಯಲು ಬೆಚ್ಚನೆ ನೀರು, ಕಾಯುವಾಗ ಬಾಯಿ ಮುಚ್ಚಿ ಮೂಗಿನಲ್ಲಿ ಉಸಿರು. ‘ಇನ್ನೂ ಜೋರಾಗಿ’ ಅಂತ ಯಾರೂ ಚೀರಿಸದಿದ್ದರೆ ಸಾಕು, ತಣ್ಣನೆ ಗಂಟಲು ಅಲ್ಲೇ ಒಡೆಯುತ್ತದೆ.

ಪೆನ್‌ಡ್ರೈವ್ ಜೇಬಿನಲ್ಲಿ ಇರಲಿ ಬಿಡಿ, ಹೆಡ್ಮಾಸ್ತರಿಗೂ ಸಮಾಧಾನ. ಆದರೆ ಹಾಕುವುದು ಕರೆಂಟ್ ಇದ್ದರೆ ತಾನೇ? ಅದು ಹೋದರೂ ಹಾರ್ಮೋನಿಯಂ ನುಡಿಯುತ್ತದೆ.

ಕಾಕಾ ಅವರ ಕ್ಲಾರಿನೆಟ್ ಕಟ್ಟಿಗೆಯದೋ ಎಬೊನೈಟಿನದೋ (ಗಟ್ಟಿ ರಬ್ಬರಿನದೋ) ತಿಳಿಸಿ. ಕಟ್ಟಿಗೆಯದಾದರೆ ನನ್ನ ಹತ್ತಿರ ಒಂದು ಪ್ಲಾಸ್ಟಿಕ್ಕಿನದು ಸುಮ್ನೆ ಬಿದ್ದಿದೆ. ದನಿ ಸ್ವಲ್ಪ ಒರಟು, ಚಳಿಗೆ ಸೀಳುವ ಭಯ ಇಲ್ಲ. 20ನೇ ತಾರೀಕಿನೊಳಗೆ ಹೇಳಿದರೆ ಅಥಣಿ ಬಸ್ಸಿಗೆ ಹಾಕಿ ಕಳಿಸುತ್ತೇನೆ.